ಗೊತ್ತಿಲ್ಲ ಎಂದರೆ ಸೊನ್ನೆಯೇ?

ಅಂಡಮಾನಿನಲ್ಲಿ ಡೈವಿಂಗ್ ಮಾಡಿ ಬಂದ ಗೆಳತಿ ಫೋಟೋ ಕಳಿಸಿ 'ಇದೇನೋ?' ಎಂದಳು. ಕಪ್ಪು ಮೈ, ಮೇಲೆಲ್ಲ ತಿಳಿಗುಲಾಬಿ ಗುಳ್ಳೆ. ಅರೆ ನಿಮಿಷವೂ ಯೋಚಿಸದೆ 'ಫಿಲ್ಲಿಡಿಯೆಲ್ಲಾ ಪಸ್ಟುಲೋಸಾ, ಸೀ ಸ್ಲಗ್' ಎಂದೆ. ನನ್ನ ಪಟ್ಟಿಗೂ ಸೇರಿಸಿಕೊಂಡೆ. ಕಡಲಜೀವಿಗಳ ಮೇಲೆ ಪಿಎಚ್.ಡಿ. ಮಾಡುವವನಿಗೆ ಇಷ್ಟೂ ತಿಳಿಯದೇ?

ವಾರದ ಬಳಿಕ ಅದೇ ಪ್ರಾಣಿಯನ್ನು ಪಕ್ಕದಿಂದ ತೆಗೆದ ಫೋಟೋ ಬಂತು. ಮೈ ಕಾಗದದಷ್ಟು ತೆಳು, ಅಂಚು ಸೀರೆಯ ನೆರಿಗೆಯಂತೆ ಅಲೆಯಾಗಿದೆ. ನಾನು ಕೊಂಬೆಂದುಕೊಂಡದ್ದು ಅಂಚಿನದೇ ಮಡಿಕೆ. ಅದು ಚಪ್ಪಟೆ ಹುಳು! ಸೀ ಸ್ಲಗ್ ಎಂದರೆ ಚಿಪ್ಪು ಕಳಚಿದ ಬಸವನಹುಳುವಿನ ಬಳಗ. ಇದು ಬೇರೆಯದೇ ವಂಶ.

ಬೆನ್ನ ಮೇಲೆ ಕಿವಿರಿನ ಗೊಂಚಲಿದ್ದರೆ ಸ್ಲಗ್, ಇಲ್ಲದಿದ್ದರೆ ಹುಳು ಎಂಬ ಸುಲಭ ಸೂತ್ರವೊಂದಿದೆ. ಫಿಲ್ಲಿಡಿಯೆಲ್ಲಾದ ಮುಂದೆ ಅದು ನಡೆಯದು. ಇದರ ಕಿವಿರು ಇರುವುದು ಮೈಯಡಿಯಲ್ಲಿ, ಮೇಲಿನಿಂದ ತೆಗೆದ ಚಿತ್ರದಲ್ಲಿ ಕಾಣುವುದೇ ಇಲ್ಲ. ಜೊತೆಗೆ ಈ ಬಳಗದ ಸ್ಲಗ್‌ಗಳ ಮೈಯಲ್ಲಿ ವಿಷವಿರುವುದರಿಂದ ಮೀನುಗಳು ಹತ್ತಿರ ಸುಳಿಯುವುದಿಲ್ಲ. ಹಾಗಾಗಿ ಇವುಗಳ ವೇಷ ಹಾಕುವವರೂ ಇದ್ದಾರೆ. 1994ರಲ್ಲಿ ಹೆಸರು ಪಡೆದ ಚಪ್ಪಟೆ ಹುಳು ಸೂಡೋಸೆರೋಸ್ ಇಮಿಟಾಟಸ್‌ನ ಹೆಸರಲ್ಲೇ ಅನುಕರಣೆ ಇದೆ. ಪಿಯರ್ಸೊನೊಥೂರಿಯಾ ಎಂಬ ಕಡಲಸೌತೆಯ ಮರಿಯೂ ಇದೇ ಬಳಗದ ಸ್ಲಗ್‌ನಂತೆ ಕಾಣುತ್ತದೆ. ಹೊಟ್ಟೆಪಾಡಿಗಾಗಿ ನೋಡುವ ಮೀನೇ ಮೋಸಹೋಗುವಾಗ ಮೊಬೈಲಿನಲ್ಲಿ ನೋಡುವ ನಾವು ಯಾವ ಲೆಕ್ಕ?

ನನ್ನ ತಕರಾರು ಹುಳುವಿನ ಮೇಲಲ್ಲ, ನಮ್ಮ ಕಲಿಕೆಯ ಮೇಲೆ. ಬಿ.ಎಸ್ಸಿ. ಪ್ರಾಕ್ಟಿಕಲ್ ಪರೀಕ್ಷೆಯ ಸ್ಪಾಟರ್‌ಗಳನ್ನು ನೆನಪಿಸಿಕೊಳ್ಳಿ. ಜಾಡಿ ನೋಡು, ಹೆಸರು ಬರೆ, ಮುಂದೆ ನಡೆ. ಖಾಲಿ ಬಿಟ್ಟರೆ ಸೊನ್ನೆ, ಊಹಿಸಿದರೆ ಅದೃಷ್ಟ. ಅದೇ ಚಾಳಿ ಸಂಶೋಧನೆಗೂ ಬಂದಿದೆ. 'ಏನಾದರೊಂದು ಹೆಸರು ಹಾಕಪ್ಪಾ, ಯಾರು ನೋಡ್ತಾರೆ?' ಎಂದು ಹಿರಿಯರೊಬ್ಬರು ನನಗೇ ಹೇಳಿದ್ದುಂಟು. ಯಾರೂ ನೋಡುವುದಿಲ್ಲ ನಿಜ. ಹಾಗಾಗಿಯೇ ತಪ್ಪು ಹೆಸರು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ನಕಲಾಗುತ್ತ, ಆ ಕಡಲಲ್ಲಿ ಇಲ್ಲದ ಪ್ರಾಣಿಯೂ ಅಲ್ಲಿ 'ಇದ್ದುಬಿಡುತ್ತದೆ'.

ಹೆಸರು ಹೇಳದಿದ್ದರೆ ಹವ್ಯಾಸಿಗಳ ಉತ್ಸಾಹ ಬತ್ತೀತು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಪಕ್ಕದಿಂದ ಇನ್ನೊಂದು ಫೋಟೋ ಇದೆಯೇ, ಎಷ್ಟು ಉದ್ದವಿತ್ತು, ಯಾವುದರ ಮೇಲೆ ಕೂತಿತ್ತು ಎಂದು ಕೇಳಿ ನೋಡಿ. ಗೆಳತಿ ಎರಡನೇ ಫೋಟೋ ಹುಡುಕಿ ಕಳಿಸಿದ್ದು ಅವಳಿಗೇ ನನ್ನ ಉತ್ತರದ ಮೇಲೆ ಅನುಮಾನ ಬಂದಿದ್ದರಿಂದ. ನಿಜಕ್ಕೂ ಪಸ್ಟುಲೋಸಾದಂತೆಯೇ ಕಾಣುವ ಸ್ಲಗ್ ಸಿಕ್ಕರೂ ಆತುರ ಸಲ್ಲದು. ಆ ಒಂದು ಹೆಸರಿನಡಿ ಹಲವು ಪ್ರಭೇದಗಳು ಅಡಗಿವೆಯೆಂದು ಡಿಎನ್‌ಎ ಅಧ್ಯಯನಗಳು ತೋರಿಸಿವೆ.

ಪಟ್ಟಿಯಲ್ಲಿ ಆ ಹೆಸರು ಹೊಡೆದುಹಾಕಿ, 'ಚಪ್ಪಟೆ ಹುಳು, ಪ್ರಭೇದ ಗೊತ್ತಿಲ್ಲ' ಎಂದು ಬರೆದಿದ್ದೇನೆ. ಬೇಕಾದರೆ ಸೊನ್ನೆ ಕೊಡಿ.