ಸೈನ್ಯದಿಂದ ಬಂದ ಮಗನಿಗೆ ಒಂದು ವರ್ಷ ಕೊಡಿ

ಅಗ್ನಿಪಥ ಯೋಜನೆಯನ್ನು ಕೇಂದ್ರ ಸರಕಾರ ಪ್ರಕಟಿಸಿದ್ದು 2022ರ ಜೂನ್ 14ರಂದು. ಆ ವರ್ಷದ ಕೊನೆಗೆ ಮತ್ತು 2023ರ ಆರಂಭದಲ್ಲಿ ತರಬೇತಿಗೆ ಹೋದ ಮೊದಲ ತಂಡಗಳ ನಾಲ್ಕು ವರ್ಷ 2026ರ ಕೊನೆ, 2027ರ ಆರಂಭಕ್ಕೆ ಮುಗಿಯುತ್ತದೆ. ಯೋಜನೆ ಪ್ರಕಟವಾದಾಗ ಹೇಳಿದ ಲೆಕ್ಕದಂತೆ ನೂರರಲ್ಲಿ ಹೆಚ್ಚೆಂದರೆ 25 ಮಂದಿಯನ್ನು ಸೈನ್ಯ ಉಳಿಸಿಕೊಳ್ಳುತ್ತದೆ. ಉಳಿದವರು ಇಪ್ಪತ್ತೆರಡು, ಇಪ್ಪತ್ತೈದರ ಪ್ರಾಯದಲ್ಲಿ ಮನೆಗೆ ಬರುತ್ತಾರೆ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಕೈಗೆ ಸಿಗುತ್ತದೆ.

ಹೀಗೆ ಬರುವವರಲ್ಲಿ ಎಲ್ಲರೂ ಬಂದೂಕು ಹಿಡಿದು ಗಡಿಯಲ್ಲಿ ನಿಂತವರಲ್ಲ. ಕಂಪ್ಯೂಟರ್, ನೆಟ್‌ವರ್ಕ್, ರೇಡಿಯೊ ಸೆಟ್, ಟೆಲಿಫೋನ್ ಎಕ್ಸ್‌ಚೇಂಜ್ ನೋಡಿಕೊಂಡ ಹುಡುಗರೂ ಇದ್ದಾರೆ. ಅವರ ಬಗ್ಗೆ ಇವತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ನಾವು ಮದ್ರಸದಲ್ಲಿ ಪಾಠ ಹೇಳುವವರು, ಕಂಪ್ಯೂಟರ್ ನಮ್ಮ ಕಸುಬಲ್ಲ. ಆದರೆ ಮಗನ ಮುಂದಿನ ದಾರಿ ಯಾವುದು ಎಂದು ಉಮ್ಮ, ಬಾಪ ಬಂದು ಕೇಳಿದರೆ ಗೊತ್ತಿಲ್ಲ ಎಂದು ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಗೊತ್ತಿದ್ದವರಲ್ಲಿ ವಿಚಾರಿಸಿ ಹೇಳಬೇಕಾಗುತ್ತದೆ.

ನಮ್ಮ ಮನೆಗಳಿಗೆ ಗಲ್ಫ್ ಗೊತ್ತಿರುವಷ್ಟು ಸೈನ್ಯ ಗೊತ್ತಿಲ್ಲ. ಸೈನ್ಯದಿಂದ ಬಂದವನೆಂದರೆ ಬ್ಯಾಂಕಿನ ಬಾಗಿಲಲ್ಲಿ ಸೆಕ್ಯುರಿಟಿ ಗಾರ್ಡ್, ಅಷ್ಟೇ ಎಂದುಕೊಂಡವರು ಇದ್ದಾರೆ. ಭಾರತೀಯ ಸೈನ್ಯದಲ್ಲಿ ಸಂಪರ್ಕ ವ್ಯವಸ್ಥೆಗೆಂದೇ ಇರುವ ಕೋರ್ ಆಫ್ ಸಿಗ್ನಲ್ಸ್ 1911ರಿಂದ ಉಂಟು. ವಾಯುಪಡೆಗೆ ಎಎಫ್‌ನೆಟ್ ಎಂಬ ಸ್ವಂತ ಜಾಲ 2010ರಿಂದ ಉಂಟು. ವಾಯುಪಡೆಯ ತಾಂತ್ರಿಕ ತರಬೇತಿ ನಡೆಯುವ ಜಾಲಹಳ್ಳಿ ಇರುವುದು ನಮ್ಮದೇ ಬೆಂಗಳೂರಿನಲ್ಲಿ. ಅಲ್ಲೆಲ್ಲ ಕೇಬಲ್ ಎಳೆಯುವವರು, ಸ್ವಿಚ್, ರೌಟರ್ ಕೂರಿಸುವವರು, ಸರ್ವರ್ ನಿಲ್ಲದಂತೆ ರಾತ್ರಿ ಕಾಯುವವರು, ಸಾಹೇಬರ ಕಂಪ್ಯೂಟರ್ ಕೈ ಕೊಟ್ಟರೆ ಓಡಿ ಹೋಗಿ ಸರಿ ಮಾಡುವವರು ಬೇಕಲ್ಲ? ಆ ಕೆಲಸ ಮಾಡುವವರು ಇವರೇ.

ಈ ಕೆಲಸ ಹೊರಗೆ ಎಲ್ಲಿ ಉಂಟು? ಎಲ್ಲಾ ಕಡೆ ಉಂಟು. ಆಸ್ಪತ್ರೆ, ಬ್ಯಾಂಕ್, ಬಂದರು, ವಿಮಾನ ನಿಲ್ದಾಣ, ಕಾಲೇಜು, ಸಾಫ್ಟ್‌ವೇರ್ ಕಂಪೆನಿ ಯಾವುದೂ ನೆಟ್‌ವರ್ಕ್ ನೋಡಿಕೊಳ್ಳುವವರಿಲ್ಲದೆ ಒಂದು ದಿನ ನಡೆಯುವುದಿಲ್ಲ. ಹಾಗಾದರೆ ಸೈನ್ಯದಿಂದ ಬಂದ ಹುಡುಗನಿಗೆ ಕೆಲಸ ತಾನಾಗಿಯೇ ಸಿಗಬೇಕಿತ್ತಲ್ಲ? ಸಿಗುವುದಿಲ್ಲ. ಅವನಿಗೆ ಕೆಲಸ ಗೊತ್ತಿದೆ, ಆದರೆ ಗೊತ್ತಿದೆ ಎಂದು ಕಂಪೆನಿಯವರಿಗೆ ಅರ್ಥ ಮಾಡಿಸುವ ಭಾಷೆ ಮತ್ತು ಕಾಗದ ಅವನ ಕೈಯಲ್ಲಿ ಇರುವುದಿಲ್ಲ.

ಮೊದಲು ಭಾಷೆಯ ವಿಷಯ. ಬಯೋಡೇಟಾದಲ್ಲಿ ಹುದ್ದೆ, ಯೂನಿಟ್, ಟ್ರೇಡ್ ಎಂದು ಬರೆದರೆ ಕಂಪೆನಿಯಲ್ಲಿ ಅದನ್ನು ಓದುವವನಿಗೆ ಎಂಥದೂ ಅರ್ಥ ಆಗುವುದಿಲ್ಲ. 'ಯೂನಿಟ್‌ನಲ್ಲಿ ಕಂಪ್ಯೂಟರ್ ಡ್ಯೂಟಿ ಮಾಡಿದ್ದೆ' ಎಂಬುದನ್ನೇ 'ಇಷ್ಟು ಮಂದಿ ಬಳಸುವ ಕಂಪ್ಯೂಟರ್‌ಗಳ ಹೆಲ್ಪ್‌ಡೆಸ್ಕ್ ನೋಡಿಕೊಂಡೆ, ಹೊಸ ಯಂತ್ರಗಳಿಗೆ ವಿಂಡೋಸ್ ಹಾಕಿದೆ, ಪ್ರಿಂಟರ್ ಮತ್ತು ಲ್ಯಾನ್ ದುರಸ್ತಿ ಮಾಡಿದೆ, ಬಂದ ದೂರುಗಳನ್ನು ದಾಖಲೆ ಇಟ್ಟೆ' ಎಂದು ಬರೆದರೆ ಅರ್ಥ ಆಗುತ್ತದೆ. ಅಲ್ಲಿ ಲಾಗ್ ಬುಕ್ ಎಂದದ್ದಕ್ಕೆ ಇಲ್ಲಿ ಟಿಕೆಟ್ ಎನ್ನುತ್ತಾರೆ. ಕೆಲಸ ಅದೇ, ಹೆಸರು ಬೇರೆ.

ಆದರೆ ಇದರಲ್ಲಿ ಒಂದು ಗೆರೆ ಉಂಟು. ಯಾವ ಜಾಗದಲ್ಲಿ ಏನಿತ್ತು, ಯಾವ ಫ್ರೀಕ್ವೆನ್ಸಿ, ಜಾಲ ಹೇಗೆ ಜೋಡಿಸಿತ್ತು ಎಂಬುದನ್ನು ಬಯೋಡೇಟಾದಲ್ಲಿ ಬರೆಯಲೂ ಬಾರದು, ಸಂದರ್ಶನದಲ್ಲಿ ಹೇಳಲೂ ಬಾರದು. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಸಮವಸ್ತ್ರ ಕಳಚಿದ ಮೇಲೂ ಅನ್ವಯಿಸುತ್ತದೆ. ಅದು ಕಾನೂನಿನ ಮಾತು ಮಾತ್ರವಲ್ಲ, ಅಮಾನತ್ತಿನ ಮಾತು ಕೂಡ. 'ಅದನ್ನು ಹೇಳಲು ನನಗೆ ಅನುಮತಿ ಇಲ್ಲ ಸರ್' ಎಂದು ನೇರವಾಗಿ ಹೇಳುವವನ ಮೇಲೆ ಕಂಪೆನಿಯವರಿಗೆ ನಂಬಿಕೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಎರಡನೆಯದು ಕಾಗದ. ಖಾಸಗಿ ಕಂಪೆನಿಗಳು ನೋಡುವುದು ತಮಗೆ ಪರಿಚಯ ಇರುವ ಪ್ರಮಾಣಪತ್ರವನ್ನು. ಕಂಪ್ಯೂಟರ್ ದುರಸ್ತಿ, ಹೆಲ್ಪ್‌ಡೆಸ್ಕ್ ಕೆಲಸಕ್ಕೆ ಕಾಂಪ್‌ಟಿಯಾ ಎ ಪ್ಲಸ್, ನೆಟ್‌ವರ್ಕ್ ಕೆಲಸಕ್ಕೆ ಸಿಸ್ಕೊದ ಸಿಸಿಎನ್‌ಎ, ಲಿನಕ್ಸ್ ಸರ್ವರ್‌ಗೆ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ. ಸಿಸಿಎನ್‌ಎಯ ಬೆಲೆ ಮೂರು ವರ್ಷ, ಆಮೇಲೆ ನವೀಕರಿಸಬೇಕು. ರೆಡ್ ಹ್ಯಾಟ್‌ನದ್ದು ಉತ್ತರಕ್ಕೆ ಗುರುತು ಹಾಕಿ ಬರುವ ಪರೀಕ್ಷೆ ಅಲ್ಲ. ಯಂತ್ರದ ಮುಂದೆ ಕೂತು ಕೆಲಸ ಮಾಡಿಯೇ ತೋರಿಸಬೇಕು. ಕೈಯಲ್ಲಿ ಕೆಲಸ ಮಾಡಿ ಬಂದ ಹುಡುಗನಿಗೆ ಇದೇ ಅನುಕೂಲ ಅಲ್ವಾ? ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗಬಾರದು. ಅವನು ಮಾಡಿದ ಕೆಲಸಕ್ಕೆ ಹತ್ತಿರದ್ದು ಯಾವುದೋ ಅದೊಂದನ್ನು ಮೊದಲು ಮುಗಿಸಬೇಕು.

ಕಲಿಯಲು ಲಕ್ಷ ಲಕ್ಷ ಸುರಿಯಬೇಕೆಂದೇನೂ ಇಲ್ಲ. ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಎಂಬ ಅಭ್ಯಾಸದ ಸಾಫ್ಟ್‌ವೇರ್ ಉಚಿತ. ಮೈಕ್ರೋಸಾಫ್ಟ್ ಲರ್ನ್ ಉಚಿತ. ಸರಕಾರದ ಸ್ವಯಂ ತಾಣದ ಪಾಠಗಳನ್ನು ದುಡ್ಡು ಕೊಡದೆ ನೋಡಬಹುದು. ಖರ್ಚು ಬರುವುದು ಮುಖ್ಯವಾಗಿ ಪರೀಕ್ಷೆಯ ಶುಲ್ಕಕ್ಕೆ. 'ನೂರಕ್ಕೆ ನೂರು ಕೆಲಸ ಗ್ಯಾರಂಟಿ' ಎಂದು ಬೋರ್ಡು ಹಾಕಿ ಸೇವಾನಿಧಿಯ ಮೇಲೆ ಕಣ್ಣಿಡುವ ತರಬೇತಿ ಕೇಂದ್ರಗಳ ಬಗ್ಗೆ ಜಾಗ್ರತೆ ಇರಲಿ. ಅಲ್ಲಿ ಕಲಿತು ಕೆಲಸಕ್ಕೆ ಸೇರಿದ ಇಬ್ಬರನ್ನು ನೇರವಾಗಿ ಮಾತಾಡಿಸದೆ ಒಂದು ರೂಪಾಯಿ ಕೊಡಬೇಡಿ.

ಓದಿನ ದಾರಿಯೂ ಮುಚ್ಚಿಲ್ಲ. ಹತ್ತನೇ ತರಗತಿ ಮುಗಿಸಿ ಹೋದ ಅಗ್ನಿವೀರರಿಗೆ ಎನ್‌ಐಒಎಸ್ ಮೂಲಕ ಹನ್ನೆರಡನೆಯ ತರಗತಿಯ ಪ್ರಮಾಣಪತ್ರ ಪಡೆಯಲು ಅವಕಾಶ ಕೊಡುವುದಾಗಿ ಸರಕಾರ ಹೇಳಿದೆ. ಇಗ್ನೋ ಮೂಲಕ ಮೂರು ವರ್ಷದ ಪದವಿಯನ್ನೂ ಪ್ರಕಟಿಸಿದೆ. ಅದರ ಅರ್ಧ ಅಂಕಗಳು ಸೈನ್ಯದಲ್ಲಿ ಪಡೆದ ತರಬೇತಿಗೇ ಸಿಗುತ್ತವೆ. ಇದನ್ನು ಮನೆಗೆ ಬಂದ ಮೇಲೆ ಅಲ್ಲ, ಹುಡುಗ ಇನ್ನೂ ಸೇವೆಯಲ್ಲಿ ಇರುವಾಗಲೇ ವಿಚಾರಿಸಬೇಕು. ಫೋನ್ ಮಾಡಿದಾಗ ಊಟ ಆಯಿತಾ, ರಜೆ ಯಾವಾಗ ಎಂದು ಕೇಳುವ ಜೊತೆಗೆ ಇದನ್ನೂ ಕೇಳಿ.

ಈಗ ಮನೆಯ ಮಾತಿಗೆ ಬರುತ್ತೇವೆ. ಈ ಲೇಖನ ಬರೆದದ್ದೇ ಇದಕ್ಕಾಗಿ. ಹನ್ನೊಂದೂವರೆ ಲಕ್ಷಕ್ಕಿಂತ ಹೆಚ್ಚು ದುಡ್ಡು ಒಟ್ಟಿಗೆ ಬರುತ್ತದೆ ಎಂದು ಗೊತ್ತಾದ ಕೂಡಲೇ ಮನೆಯಲ್ಲಿ ಪಟ್ಟಿ ತಯಾರಾಗುತ್ತದೆ. ತಂಗಿಯ ಮದುವೆ, ಮನೆಯ ಮೇಲಂತಸ್ತು, ಬ್ಯಾಂಕಿನಲ್ಲಿಟ್ಟ ಚಿನ್ನ, ಅಣ್ಣನ ವೀಸಾ. ಒಂದೂ ಸುಳ್ಳು ಖರ್ಚಲ್ಲ, ನಮಗೆ ಗೊತ್ತು. ಆದರೆ ಆ ಹಣದ ಲೆಕ್ಕ ಒಮ್ಮೆ ನೋಡಿ. ಮೊದಲ ವರ್ಷ ತಿಂಗಳಿಗೆ 30,000 ಸಂಬಳದಲ್ಲಿ ಹುಡುಗನ ಕೈಗೆ ಬಂದದ್ದು 21,000. ಉಳಿದ 9,000 ನಿಧಿಗೆ ಹೋಯಿತು, ಸರಕಾರ ಅಷ್ಟೇ ಸೇರಿಸಿತು. ನಾಲ್ಕು ವರ್ಷ ಹಾಗೆ ಹಿಡಿದಿಟ್ಟ ಅವನ ಪಾಲೇ 5.02 ಲಕ್ಷ. ಪಿಂಚಣಿ ಇಲ್ಲದ ಹುಡುಗನಿಗೆ ಮುಂದಿನ ನಲ್ವತ್ತು ವರ್ಷಕ್ಕೆ ಇದೊಂದೇ ಬುನಾದಿ. ಬುನಾದಿಯ ಕಲ್ಲು ತೆಗೆದು ಮೇಲಂತಸ್ತು ಕಟ್ಟುವುದು ಯಾವ ಲೆಕ್ಕ?

ನಮ್ಮ ಸಲಹೆ ಇಷ್ಟೇ. ಒಂದು ವರ್ಷ ಆ ಹಣವನ್ನು ಮುಟ್ಟಬೇಡಿ. ಅವನ ಪರೀಕ್ಷೆಯ ಶುಲ್ಕ, ಒಂದು ಲ್ಯಾಪ್‌ಟಾಪ್, ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇದ್ದು ಕಲಿಯುವ ಖರ್ಚು, ಇಷ್ಟನ್ನು ಮಾತ್ರ ಅದರಿಂದ ತೆಗೆಯಲಿ. 'ಇನ್ನೂ ಮನೆಯಲ್ಲೇ ಕೂತಿದ್ದಾನಾ?' ಎಂದು ಕೇಳುವ ನೆಂಟರಿಗೆ ಮನೆಯ ಹಿರಿಯರೇ ಉತ್ತರ ಕೊಡಲಿ, ಹುಡುಗನ ಮೇಲೆ ಬಿಡಬೇಡಿ.

ಗಲ್ಫಿಗೆ ಕಳಿಸಿದರೆ ಮುಂದಿನ ತಿಂಗಳೇ ಸಂಬಳ ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ಗಲ್ಫ್ ಬೇಡ ಎಂದು ನಾವು ಹೇಳುವುದಿಲ್ಲ, ನಮ್ಮ ಊರುಗಳ ಎಷ್ಟೋ ಒಲೆಗಳು ಉರಿದದ್ದೇ ಅದರಿಂದ. ಆದರೆ ಸರ್ವರ್ ನೋಡಿಕೊಂಡ ಹುಡುಗ ಫ್ರೀ ವೀಸಾದಲ್ಲಿ ಹೋಗಿ ಸೂಪರ್ ಮಾರ್ಕೆಟಿನ ಗೋದಾಮಿನಲ್ಲಿ ನಿಂತರೆ, ಎರಡು ವರ್ಷದಲ್ಲಿ ಕಲಿತದ್ದು ಹಳತಾಗುತ್ತದೆ. ಈ ವಿದ್ಯೆ ಬೇಗ ಹಳತಾಗುವ ವಿದ್ಯೆ. ಅದೇ ಹುಡುಗ ಪ್ರಮಾಣಪತ್ರ, ಒಂದೆರಡು ವರ್ಷದ ಅನುಭವ ಹಿಡಿದುಕೊಂಡು ಹೋದರೆ ದುಬೈ, ರಿಯಾದ್, ದೋಹಾದಲ್ಲಿ ಅವನ ಜಾಗ ಬೇರೆ, ಸಂಬಳ ಬೇರೆ.

ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮಾಜಿ ಅಗ್ನಿವೀರರಿಗೆ ಮೀಸಲಾತಿ ಇದೆಯಲ್ಲ ಎನ್ನಬಹುದು. ಅದು ಒಳ್ಳೆಯ ಅವಕಾಶವೇ, ಇಷ್ಟ ಇರುವವರು ಹೋಗಲಿ. ಆದರೆ ನೆಟ್‌ವರ್ಕ್ ಕಲಿತವನಿಗೆ ಮತ್ತೆ ಬಂದೂಕು ಮಾತ್ರ ತೋರಿಸುವುದು ದೇಶ ಖರ್ಚು ಮಾಡಿ ಕೊಟ್ಟ ತರಬೇತಿಗೇ ನಷ್ಟ. ಅಮೆರಿಕದ ಸೈನ್ಯದಲ್ಲಿ ಮಾಹಿತಿ ಭದ್ರತೆಯ ಕೆಲಸ ಮಾಡುವವರು ಸೆಕ್ಯುರಿಟಿ ಪ್ಲಸ್‌ನಂಥ ಹೊರಗಿನ ಪ್ರಮಾಣಪತ್ರ ಪಡೆಯಬೇಕೆಂಬ ನಿಯಮ 2005ರಲ್ಲೇ ಬಂತು. ಬಿಡುಗಡೆಗೆ ಮುಂಚಿನ 180 ದಿನಗಳವರೆಗೆ ಖಾಸಗಿ ಕಂಪೆನಿಯಲ್ಲಿ ಕೆಲಸ ಕಲಿಯುವ ಸ್ಕಿಲ್‌ಬ್ರಿಡ್ಜ್ ಎಂಬ ವ್ಯವಸ್ಥೆಯೂ ಅಲ್ಲಿ ಉಂಟು. ಅಷ್ಟು ಅಲ್ಲದಿದ್ದರೂ ನಾಲ್ಕನೆಯ ವರ್ಷದಲ್ಲಿ ಒಂದು ಪರೀಕ್ಷೆ ಬರೆಸಿ, ಶುಲ್ಕ ಕಟ್ಟಿ ಕಳಿಸಲು ನಮ್ಮ ಸರಕಾರಕ್ಕೆ ಆಗುವುದಿಲ್ಲವೇ? ನಮ್ಮ ಸಂಸದರು, ಶಾಸಕರು ಇದನ್ನು ಕೇಳಬೇಕು.

ಹದಿನೈದು, ಇಪ್ಪತ್ತು ವರ್ಷ ಸೇವೆ ಮಾಡಿ ಪಿಂಚಣಿಯೊಂದಿಗೆ ಬರುವ ಹಿರಿಯರದ್ದು ಬೇರೆ ಕಷ್ಟ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ ನಿವೃತ್ತಿಗೆ ಮುಂಚೆ ಅವರಿಗೆ ಕೋರ್ಸುಗಳನ್ನು ಕೊಡುತ್ತದೆ. ಅದನ್ನು ರಜೆಯೆಂದು ಕಳೆಯದೆ ಬಳಸಿಕೊಳ್ಳಬೇಕು. ಅವರಿಗೆ ಕಷ್ಟವಾಗುವುದು ಇಪ್ಪತ್ತಾರರ ಹುಡುಗನ ಕೈಕೆಳಗೆ ಕೆಲಸ ಮಾಡುವುದು. ಕಲಿಯುವಾಗ ಪ್ರಾಯ ನೋಡಬಾರದು ಎಂದು ಮಕ್ಕಳಿಗೆ ಹೇಳುವ ನಾವು ದೊಡ್ಡವರಿಗೂ ಅದನ್ನೇ ಹೇಳಬೇಕು. ಸಮಯಕ್ಕೆ ಬರುವುದು, ರಾತ್ರಿ ಪಾಳಿಗೆ ಹಿಂದೆ ಮುಂದೆ ನೋಡದಿರುವುದು, ಗಡಿಬಿಡಿಯಲ್ಲಿ ತಲೆ ಕೆಡಿಸಿಕೊಳ್ಳದಿರುವುದು ಅವರ ಬಂಡವಾಳ. ಅದಕ್ಕೆ ಒಂದು ಹೊಸ ಪ್ರಮಾಣಪತ್ರ ಸೇರಿದರೆ ಸಾಕು.

ಕೊನೆಗೆ ಬೆಂಗಳೂರು, ಮಂಗಳೂರು, ಗಲ್ಫಿನ ಕಂಪೆನಿಗಳಲ್ಲಿ ಐಟಿ ಕೆಲಸ ಮಾಡುವ ನಮ್ಮ ಯುವಕರಲ್ಲಿ ಒಂದು ಮಾತು. ನಿಮ್ಮ ಊರಿಗೆ ಇಂಥ ಒಬ್ಬ ಹುಡುಗ ಬಂದರೆ ಅವನ ಜೊತೆ ಒಂದು ಭಾನುವಾರ ಕೂತುಕೊಳ್ಳಿ. ಅವನ ಬಯೋಡೇಟಾ ತಿದ್ದಿ ಕೊಡಿ, ಸಂದರ್ಶನದಲ್ಲಿ ಕೇಳುವ ಪ್ರಶ್ನೆಗಳನ್ನು ಕೇಳಿ ಅಭ್ಯಾಸ ಮಾಡಿಸಿ, ನಿಮ್ಮ ಕಂಪೆನಿಯಲ್ಲಿ ಜಾಗ ಖಾಲಿ ಇದ್ದರೆ ಹೆಸರು ಹೇಳಿ. ಇದಕ್ಕೆ ದುಡ್ಡು ಬೇಕಾಗಿಲ್ಲ, ಎರಡು ಗಂಟೆ ಸಾಕು. ಮನೆಯವರು ಒಂದು ವರ್ಷ ಕೊಡಲಿ, ಗೊತ್ತಿದ್ದವರು ಎರಡು ಗಂಟೆ ಕೊಡಲಿ. ಉಳಿದದ್ದನ್ನು ಆ ಹುಡುಗ ದುಡಿದು ಮಾಡಿಕೊಳ್ಳುತ್ತಾನೆ. ದುಡಿದು ಅಭ್ಯಾಸ ಇಲ್ಲದವನೇನೂ ಅಲ್ಲವಲ್ಲ ಅವನು.