ಹಳೆಯ ಕಾರಿನ ಹೊಗಳಿಕೆ

“ಅಂದಿನ ಅಂಬಾಸಡರ್ ಕಬ್ಬಿಣದ ಕೋಟೆ, ಇಂದಿನ ಕಾರುಗಳು ತಗಡಿನ ಡಬ್ಬಿಗಳು” ಎಂದು ಮನೆಯ ಹಿರಿಯರು ಹೇಳುವುದುಂಟು. ಹೊಸ ಕಾರಿನಲ್ಲಿ ಎಚ್ಚರಿಕೆಯ ದೀಪವೊಂದು ಹೊತ್ತಿಕೊಂಡಿತೆಂದರೆ ಈ ಮಾತಿಗೆ ಇನ್ನಷ್ಟು ಬಲ ಬರುತ್ತದೆ. ಮಗನಿಗೆ ಮರುನುಡಿಯಲು ಬಾಯಿರುವುದಿಲ್ಲ.

ಆದರೆ ಈ ತುಲನೆ ನ್ಯಾಯವಾದುದೇ? ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ 1950ರ ದಶಕದ ಕೊನೆಯಲ್ಲಿ ರೂಪುಗೊಂಡ ಅಂಬಾಸಡರ್ 2014ರವರೆಗೂ ತಯಾರಾಗುತ್ತಿದ್ದಿತು. ಮೊದಮೊದಲಿನವುಗಳಲ್ಲಿ ಇಂದಿಗೂ ಓಡುತ್ತಿರುವವು ಯಜಮಾನರ ಅಕ್ಕರೆಯಿಂದ ಬದುಕಿಕೊಂಡವು. ಗುಜರಿ ಸೇರಿದವು ಸಾಕ್ಷಿ ನುಡಿಯಲು ಬರಲಾರವು. ಅಜ್ಜಿಯ ಕಾಲದ ಹಿತ್ತಾಳೆಯ ಕೊಳಗವೊಂದು ಅಟ್ಟದ ಮೇಲೆ ಉಳಿದಿದೆಯೆಂದು ಆಗಿನ ಪಾತ್ರೆಗಳೆಲ್ಲ ಗಟ್ಟಿಯೆನ್ನಲಾದೀತೇ? (ಒಡೆದ ಮಡಕೆಗಳನ್ನು ಎಣಿಸಿದವರಾರು?)

ಹಳೆಯ ಕಾರಿನ ಖರ್ಚಿನ ಪುಸ್ತಕ ಎಲ್ಲಿಯಾದರೂ ಉಳಿದಿದ್ದರೆ ತೆರೆದು ನೋಡಬೇಕು. ಪ್ಲಗ್ಗುಗಳನ್ನು ಉಜ್ಜಿದುದು, ಪಾಯಿಂಟುಗಳ ಅಂತರ ಸರಿಪಡಿಸಿದುದು, ಕಾರ್ಬುರೇಟರ್ ತೊಳೆದುದು, ಗ್ರೀಸ್ ತುಂಬಿಸಿದುದು—ಪುಟಕ್ಕೆ ಪುಟ ಇದೇ. ಇದಾವುದನ್ನೂ ‘ಕಾರು ಕೆಟ್ಟಿತು’ ಎಂದು ಅವರು ಬಗೆಯುತ್ತಿರಲಿಲ್ಲ. ಹಸುವಿಗೆ ಹುಲ್ಲು ಹಾಕಿದಂತೆ ಅದು ನಿತ್ಯದ ಕೆಲಸ. ಬೇಸಗೆಯಲ್ಲಿ ಘಾಟಿ ಏರುವಾಗ ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗಿ ಎಂಜಿನು ನಿಂತರೆ, ಪಂಪಿನ ಮೇಲೆ ಒದ್ದೆಬಟ್ಟೆ ಹೊದಿಸಿ, ಅದು ತಣಿಯುವವರೆಗೆ ಎಲ್ಲರೂ ಮರದ ನೆರಳಿನಲ್ಲಿ ಕುಳಿತು ಚಿತ್ರಾನ್ನ ತಿನ್ನುತ್ತಿದ್ದರು. ನೆನಪಿನಲ್ಲಿ ಉಳಿದುದು ಚಿತ್ರಾನ್ನ.

ಇಂದಿನ ಪೆಟ್ರೋಲ್ ಕಾರಿನಲ್ಲಿ ಪಾಯಿಂಟೂ ಇಲ್ಲ, ಕಾರ್ಬುರೇಟರೂ ಇಲ್ಲ. ಎಂಜಿನಿನ ಎಣ್ಣೆ ಬದಲಿಸುವುದು ಸಾಮಾನ್ಯವಾಗಿ 10,000 ಕಿಲೋಮೀಟರಿಗೊಮ್ಮೆ. ನಡುವೆ ಬಾನೆಟ್ಟು ತೆರೆದು ನೋಡುವವರೇ ಅಪರೂಪ. ಇದೇ ಉದಾಸೀನವನ್ನು ಅಂಬಾಸಡರಿಗೆ ತೋರಿದ್ದರೆ ಅದು ಎಷ್ಟು ತಿಂಗಳು ತಾಳುತ್ತಿದ್ದಿತು? ಒರೆಗೆ ಹಚ್ಚುವುದಾದರೆ ಹತ್ತು ವರ್ಷ ಓಡಿದ ಇಂದಿನ ಕಾರನ್ನು ಹತ್ತು ವರ್ಷ ಓಡಿದ ಅಂದಿನ ಕಾರಿನೊಡನೆ ಹಚ್ಚಬೇಕು. ಎಂಜಿನು ಬಿಚ್ಚಿ ರೀಬೋರ್ ಮಾಡಿಸಿದ ವರ್ಷ ಯಾವುದೆಂದು ಕೇಳಿದೊಡನೆ ಹಿರಿಯರ ದನಿ ತುಸು ಮೆತ್ತಗಾಗುವುದುಂಟು.

ಆದರೂ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಅವರು ನೆಚ್ಚಿದ್ದುದು ಕಾರು ಕೆಡುವುದಿಲ್ಲವೆಂದಲ್ಲ. ಕೆಟ್ಟರೆ ಒಂದು ಸ್ಪ್ಯಾನರು, ಒಂದು ತುಂಡು ತಂತಿ, ಮುಂದಿನ ಊರಿನ ಮೆಕ್ಯಾನಿಕ್—ಇಷ್ಟರಲ್ಲಿ ಮನೆ ಸೇರಬಹುದೆಂದು. ಹೊಸ ಕಾರಿನ ಒಳಗಿನ ಗಣಕ ಮುನಿದರೆ ಅದರ ದೂರನ್ನು ಓದಲಿಕ್ಕೇ ಬೇರೊಂದು ಯಂತ್ರ ಬೇಕು. ಎಳೆದೊಯ್ಯುವ ಗಾಡಿ ಬರುವವರೆಗೆ ರಸ್ತೆಯ ಬದಿಯಲ್ಲಿ ಕಾಯಬೇಕು. ಚಿತ್ರಾನ್ನ ಕಟ್ಟಿಕೊಂಡು ಹೊರಡುವವರೂ ಈಗ ಕಡಿಮೆ.