ತ್ಯಾಗವಿಲ್ಲದೆ ಆತ್ಮೋನ್ನತಿ ಸಾಧ್ಯವೇ?

ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1946ರಲ್ಲಿ ಜನಿಸಿ, 1968ರಲ್ಲಿ ಅಜ್ಮೀರದಲ್ಲಿ ಮುನಿದೀಕ್ಷೆ ಪಡೆದ ಪರಮಪೂಜ್ಯ ಆಚಾರ್ಯ ಶ್ರೀ ವಿದ್ಯಾಸಾಗರ ಮಹಾರಾಜರು 2024ರ ಫೆಬ್ರವರಿ 18ರಂದು ಡೋಂಗರಗಢದಲ್ಲಿ ಸಲ್ಲೇಖನಪೂರ್ವಕ ಸಮಾಧಿ ಹೊಂದಿದರು. ಅವರ ತಂದೆ-ತಾಯಿಯೂ ದೀಕ್ಷೆ ಪಡೆದಿದ್ದರು. ಸಹೋದರ ಶ್ರೀ ಸಮಯಸಾಗರರು ಈಗ ಆಚಾರ್ಯರು.

ಹಾಗಾದರೆ ಮನೆ, ವ್ಯಾಪಾರ ಬಿಡಲಾಗದ ಶ್ರಾವಕರಿಗೆ ದಾರಿಯಿಲ್ಲವೇ? ಮೋಕ್ಷಕ್ಕೆ ಪೂರ್ಣ ತ್ಯಾಗ ಅನಿವಾರ್ಯ. ಆದರೆ ಉನ್ನತಿ ಅಲ್ಲಿಂದಲೇ ಆರಂಭವಾಗಬೇಕಿಲ್ಲ. ಮುನಿಗಳಿಗೆ ಮಹಾವ್ರತ, ಗೃಹಸ್ಥರಿಗೆ ಅಣುವ್ರತ. ಮೇಲೇರಲು ಹನ್ನೊಂದು ಪ್ರತಿಮೆಗಳ ಮೆಟ್ಟಿಲು.

ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಮಲೆಬೆನ್ನೂರಿನಲ್ಲಿ ಪರಿಗ್ರಹ ಪರಿಮಾಣವೆಂದರೆ, ಫಸಲು ಕೈಸೇರುವ ಮೊದಲೇ ‘ಇಷ್ಟು ಸಾಕು’ ಎಂದು ನಿಶ್ಚಯಿಸುವುದು. ಬೆಲೆ ಏರಿದಾಗ ಮಿತಿಯನ್ನೂ ಏರಿಸಿಕೊಂಡರೆ ಅದು ವ್ರತವಲ್ಲ. ಭೋಗವನ್ನು ಬಿಟ್ಟು ಅದನ್ನೇ ನೆನೆಯುತ್ತಿರುವುದೂ ತ್ಯಾಗವಲ್ಲ.